ಕೆಂಪಿಯ ಎದೆಬಡಿತ

ಕೆಂಪಿ ಎಂಬ ಕುದುರೆ ನಮ್ಮ ಮನೆಗೆ ಬಂದದ್ದು ದೀಪಾವಳಿ ಕಳೆದ ಮಾರನೇ ವಾರ. ಪಟಾಕಿ ಸದ್ದು ಅಡಗಲಿ ಅಂತಲೇ ಅಲ್ಲಿವರೆಗೆ ಕಾದಿದ್ದೆ. ಲಾರಿ ಶಿವಮೊಗ್ಗ ದಾಟಿ, ಗಾಜನೂರು ಕಳೆದು ಸಕ್ರೆಬೈಲಿನ ಹತ್ತಿರ ಬರುವ ಹೊತ್ತಿಗೆ ಬಿಡಾರದ ಆನೆಗಳು ತುಂಗೆಯಲ್ಲಿ ಸ್ನಾನ ಮುಗಿಸಿ ಹೊರಟಿದ್ದವು. ನಮಗೆ ಆನೆ ಕಾಣುವ ಮೊದಲೇ ಅವಳಿಗೆ ವಾಸನೆ ಸಿಕ್ಕಿತ್ತು. ಹಿಂದಿನ ಹಲಗೆಗೆ ಒದೆಯತೊಡಗಿದಳು. ಮಂಡಗದ್ದೆ ದಾಟಿ ನಮ್ಮೂರ ದಾರಿಗೆ ತಿರುಗುವವರೆಗೂ ಒದೆತ ನಿಲ್ಲಲಿಲ್ಲ. ಇಳಿಸುವಾಗ ನೋಡಿದರೆ ಮೈಯೆಲ್ಲಾ ಬೆವರು, ಎದೆ ಮೇಲೆ ನೊರೆ, ನಾಲ್ಕೂ ಕಾಲು ನಡುಗುತ್ತಿದ್ದವು.

ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ, ಏಳು ವರ್ಷ. ಈ ತಳಿಯ ಕಿವಿಗಳು ಒಳಕ್ಕೆ ಬಾಗಿ, ತುದಿಗೆ ತುದಿ ತಾಗುವ ಹಾಗಿರುತ್ತವೆ. ಎತ್ತರ ಜಾಸ್ತಿ ಇಲ್ಲ, ಹೆಗಲ ಹತ್ತಿರ ನಾಲ್ಕು ಅಡಿ ಹತ್ತು ಇಂಚು. ಮಾರಿದವರು "ಸಾಧು ಪ್ರಾಣಿ, ಮಕ್ಕಳು ಬೇಕಾದ್ರೂ ಹತ್ತಬಹುದು" ಎಂದಿದ್ದರು. ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡು, ಪಟಾಕಿ ನಡುವೆ ಗಂಟೆಗಟ್ಟಲೆ ಅವಳನ್ನು ನಿಲ್ಲಿಸುತ್ತಿದ್ದರು ಅಂತ ಗೊತ್ತಾದದ್ದು ದುಡ್ಡು ಎಣಿಸಿ ಕೊಟ್ಟು ಬಂದ ಮೇಲೆ. ಕೊಟ್ಟಿಗೆ ಪಕ್ಕದಲ್ಲಿ ಅವಳಿಗೆಂದೇ ಲಾಯ ಕಟ್ಟಿಸಿದ್ದೆ. ಒಳಗೆ ಹೋದವಳು ಮೂಲೆಗೆ ಮುಖ ಮಾಡಿ, ನಮಗೆ ಹಿಂಗಾಲು ತೋರಿಸಿ ನಿಂತುಬಿಟ್ಟಳು. ಅಮ್ಮ ಬಾಗಿಲಲ್ಲಿ ನಿಂತು, "ಪಾಪ ಮಾರಾಯ, ಎಂತಾ ಹೆದರಿಕೆ ನೋಡು ಇದಕ್ಕೆ" ಎಂದಳು. ಬಣ್ಣ ಕೆಂಪಗಿತ್ತು. ನಮ್ಮ ಹಸುಗಳಿಗೆ ಇಡುವ ಹೆಸರನ್ನೇ ಅಮ್ಮ ಅವಳಿಗೂ ಇಟ್ಟಳು.

ನನಗೆ ಬೇಕಿದ್ದದ್ದು ಎಂಡ್ಯೂರೆನ್ಸ್ ರೈಡಿಂಗ್‌ಗೆ ಒಂದು ಕುದುರೆ. ಅಂದರೆ ದೂರದ ಸವಾರಿ. 40, 60, 80 ಕಿಲೋಮೀಟರಿಂದ ಹಿಡಿದು ಒಂದೇ ದಿನದಲ್ಲಿ 160 ಕಿಲೋಮೀಟರ್‌ವರೆಗೂ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಮೊದಲ ಸಲ ನಡೆದ ಟೆವಿಸ್ ಕಪ್ ಸವಾರಿ ನೂರು ಮೈಲಿಯದು, 24 ಗಂಟೆಯಲ್ಲಿ ಮುಗಿಸಬೇಕು. ಈಗಲೂ ನಡೆಯುತ್ತದೆ. ಈ ಆಟದಲ್ಲಿ ದಾರಿಯನ್ನು ಸುತ್ತುಗಳಾಗಿ ಮಾಡಿರುತ್ತಾರೆ. ಒಂದೊಂದು ಸುತ್ತು ಮುಗಿದಾಗಲೂ ಪಶುವೈದ್ಯರು ಕುದುರೆಯನ್ನು ನೋಡುತ್ತಾರೆ. ಬಂದು ನಿಂತ ಮೇಲೆ, ಸಾಮಾನ್ಯವಾಗಿ 15 ನಿಮಿಷದ ಒಳಗೆ, ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಸವಾರಿ ಅಲ್ಲಿಗೇ ಮುಗಿಯಿತು. ಎಷ್ಟೇ ಬೇಗ ಬಂದಿದ್ದರೂ ಅಷ್ಟೇ.

ಹೆದರುವ ಕುದುರೆ ಸಿಕ್ಕಿಬೀಳುವುದು ಇಲ್ಲಿ. ಎದೆಬಡಿತ ಓಡಿದರೂ ಏರುತ್ತದೆ, ಹೆದರಿದರೂ ಏರುತ್ತದೆ. ಸ್ಟೆತಾಸ್ಕೋಪಿಗೆ ಎರಡೂ ಒಂದೇ. ಎಷ್ಟೇ ದಮ್ಮಿರುವ ಕುದುರೆಯಾದರೂ ಗುರುತಿಲ್ಲದ ಕೈ ಎದೆಗೆ ತಾಗಿದೊಡನೆ ಬೆದರಿದರೆ 80 ತೋರಿಸುತ್ತದೆ. ಹಾಗಾಗಿ ಕೆಂಪಿಯ ಭಯ ಕಳೆಯದೆ ಅವಳನ್ನು ಎಷ್ಟು ಓಡಿಸಿದರೂ ಉಪಯೋಗವಿಲ್ಲ ಅಂತ ನನಗೆ ಮೊದಲ ದಿನವೇ ಅನ್ನಿಸಿತು. ಕಳೆಯುವುದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಶಿವಮೊಗ್ಗದ ಒಬ್ಬ ಹಿರಿಯ ಸಾಬ್ರು. ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದರು, ಈಗ ಕುದುರೆ ಇರುವ ಕಡೆ ಹೋಗಿ ಲಾಳ ಕಟ್ಟಿಕೊಡುತ್ತಾರೆ. ಬಸ್ಸಿಳಿದು ಬಂದವರು ಕೆಂಪಿಯ ಹತ್ತಿರ ಹೋಗದೆ ಅರ್ಧ ಗಂಟೆ ಹೊರಗೇ ನಿಂತರು. ಬೀಡಿಯನ್ನೂ ಹಚ್ಚಲಿಲ್ಲ. ಆಮೇಲೆ ನನ್ನನ್ನು ಕರೆದು ಅವಳ ಬೆನ್ನಿನ ಕಡೆ ತೋರಿಸಿದರು. ಜೂಲು ಮುಗಿಯುವ ಜಾಗದಲ್ಲಿ, ಕೆಂಪು ಕೂದಲ ನಡುವೆ, ಎರಡೂ ಪಕ್ಕಕ್ಕೆ ಬೆರಳಗಲದ ಬಿಳಿ ಕೂದಲ ಮಚ್ಚೆ. ಹೊಂದದ ಜೀನು ಒತ್ತಿ ಗಾಯವಾದ ಕಡೆ ಆಮೇಲೆ ಕೂದಲು ಬಿಳಿಯಾಗಿಯೇ ಹುಟ್ಟುತ್ತದೆ.

"ಹೆದರಿಕೆನೋ ನೋವೋ, ಮೊದ್ಲು ಅದನ್ನ ನೋಡು ತಮ್ಮಾ" ಎಂದರು. "ನೋವಿರೋ ಕುದುರೆಗೆ ಬುದ್ಧಿ ಕಲಿಸೋಕೆ ಹೋಗಬಾರದು."

ಅವಳ ಜೊತೆಗೇ ಕೊಟ್ಟಿದ್ದ ಜೀನನ್ನು ಅವತ್ತೇ ಅಟ್ಟಕ್ಕೆ ಹಾಕಿದೆ. ಹೊಸದು ಸಿಗುವವರೆಗೆ ಸವಾರಿಯ ಯೋಚನೆ ಬಿಟ್ಟೆ. ಆಮೇಲೆ ಹೊಸ ಜೀನು ಬಂದಾಗಲೂ ಪ್ರತಿ ಸಲ ಬಿಚ್ಚಿದ ಮೇಲೆ ಬೆನ್ನು ನೋಡುವುದು ರೂಢಿಯಾಯಿತು. ಬೆವರಿದ ಬೆನ್ನಿನ ನಡುವೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಜೀನು ಒತ್ತುತ್ತಿದೆ ಅಂತ ಅರ್ಥ. ಹೆದರುವ ಕುದುರೆ ಇಟ್ಟುಕೊಂಡವರು ಯಾರೇ ಇರಲಿ, ಮೊದಲು ಬೆನ್ನು, ಹಲ್ಲು, ಗೊರಸು ಮೂರನ್ನೂ ತೋರಿಸಿ ಅಂತ ಕೇಳಿಕೊಳ್ಳುತ್ತೇನೆ. ನಾನು ಹಠ ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಬರೀ ನೋವು.

ಸಾಬ್ರು ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಹತ್ತು ದಿನ ಏನೂ ಮಾಡ್ಬೇಡ. ಸುಮ್ನೆ ಕೂತ್ಕೋ."

ಕೂತೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಲಾಯದ ಒಳಗಿನ ಕಟ್ಟೆ ಮೇಲೆ. ಪೇಪರ್ ಓದಿದೆ, ಅಡಿಕೆ ಲೆಕ್ಕ ಬರೆದೆ. ಅವಳ ಕಡೆ ನೇರವಾಗಿ ನೋಡುತ್ತಿರಲಿಲ್ಲ. ಕುದುರೆಗೆ ಕಣ್ಣು ತಲೆಯ ಪಕ್ಕದಲ್ಲಿ. ಸುತ್ತಲೂ ಬಹುಪಾಲು ಎಲ್ಲವೂ ಕಾಣುತ್ತದೆ, ಆದರೆ ಹಣೆಯ ಎದುರಿಗೇ ಒಂದಿಷ್ಟು, ಬಾಲದ ಹಿಂದೆ ಒಂದಿಷ್ಟು ಕಾಣುವುದಿಲ್ಲ. ನಾವು ಪ್ರೀತಿಯಿಂದ ಎದುರಿಗೆ ಹೋಗಿ ಹಣೆಗೆ ಕೈ ಚಾಚುತ್ತೇವಲ್ಲ, ಆ ಕೈ ಅವಳಿಗೆ ಕಾಣದ ಜಾಗಕ್ಕೆ ಬರುತ್ತದೆ. ಆರನೇ ದಿನ ಮೂಲೆಯಿಂದ ಮುಖ ತಿರುಗಿಸಿದಳು. ಒಂಬತ್ತನೇ ದಿನ ಸಂಜೆ ನನ್ನ ಬೆನ್ನ ಹಿಂದೆ ಬಿಸಿ ಉಸಿರು ತಾಗಿತು. ಪೇಪರಿನ ಪುಟ ತಿರುಗಿಸಲಿಲ್ಲ. ಅಂಗಿಯ ಕಾಲರ್ ಮೂಸಿ ಹಿಂದೆ ಸರಿದಳು.

ಆಮೇಲೆ ಭುಜದ ಕಡೆಯಿಂದ ಹೋಗಿ, ಬಿಳಿ ಮಚ್ಚೆಗೆ ತಾಗದ ಹಾಗೆ, ಹೆಗಲ ಹತ್ತಿರ ತುರಿಸುವುದು ಶುರುವಾಯಿತು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಇದೇ ಜಾಗದಲ್ಲಿ. ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುತ್ತದೆ. ನಾನು ಒಂದು ಸ್ಟೆತಾಸ್ಕೋಪ್ ತಂದಿಟ್ಟುಕೊಂಡಿದ್ದೆ. ಎಡ ಮುಂಗಾಲಿನ ಮೊಣಕೈ ಹಿಂದೆ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ಸುಮ್ಮನೆ ನಿಂತ ದೊಡ್ಡ ಕುದುರೆಗೆ 28ರಿಂದ 44 ಇರುತ್ತದೆ. ಹಳೇ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಅರೆನಿದ್ದೆಯಲ್ಲಿ 36. ಜೀನಿನ ಹೊಟ್ಟೆಪಟ್ಟಿ ಕೈಗೆ ತೆಗೆದುಕೊಂಡರೆ, ಬಿಗಿಯುವ ಮೊದಲೇ, 72. ಗುರುತಿಲ್ಲದವರು ಅಂಗಳಕ್ಕೆ ಬಂದರೆ 88. ಆ ಪುಸ್ತಕ ನನಗೆ ಬಹಳ ಕಲಿಸಿತು. ಹೊರಗಿನಿಂದ ತಣ್ಣಗೆ ನಿಂತ ಹಾಗೆ ಕಾಣುವಾಗಲೂ ಎಷ್ಟೋ ಸಲ ಒಳಗೆ 60 ಓಡುತ್ತಿತ್ತು.

ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಕುದುರೆಗೆ ಅಡಿಕೆ ತೋಟದಷ್ಟು ಭಯದ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ. ಎಲ್ಲಿಂದಲೋ ಧೊಪ್ ಅಂತ ಸೋಗೆ, ಅಂದರೆ ಒಣಗಿದ ಅಡಿಕೆ ಗರಿ, ಬೀಳುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳು ಹರಿದು ಮೇಲೆ ಪಟಪಟ ಅನ್ನುತ್ತಿರುತ್ತವೆ. ಬಿಸಿಲಿನ ಗದ್ದೆಯಿಂದ ತೋಟದ ನೆರಳಿಗೆ ಕಾಲಿಡುವ ಜಾಗದಲ್ಲಿ ಕೆಂಪಿ ಪ್ರತಿ ಸಲ ನಿಲ್ಲುತ್ತಿದ್ದಳು. ಹಠ ಅಂದುಕೊಂಡೆ. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಆ ಹೊತ್ತಲ್ಲಿ ಅವಳಿಗೆ ಮುಂದಿನದು ಸರಿಯಾಗಿ ಕಾಣುವುದೇ ಇಲ್ಲ. ಅದು ತಿಳಿದ ಮೇಲೆ ಅಂಚಿನಲ್ಲಿ ನಾನೇ ಮೊದಲು ನಿಲ್ಲತೊಡಗಿದೆ.

ಕೊಟ್ಟೆಯ ಭಯ ಬಿಡಿಸಿದ್ದು ಹೀಗೆ. ಅಡಿಕೆ ಕೊನೆ (ಗೊನೆ) ತೆಗೆಯಲು ಬರುವ ಅಣ್ಣನೊಬ್ಬ ದೋಟಿಯ, ಅಂದರೆ ಕೊಯ್ಲಿನ ಉದ್ದ ಕೋಲಿನ, ತುದಿಗೆ ಹರಿದ ಕೊಟ್ಟೆ ಕಟ್ಟಿಕೊಂಡು ಮುಂದೆ ನಡೆಯುವುದು. ನಾನು ಕೆಂಪಿಯ ಹಗ್ಗ ಹಿಡಿದು ಮೂವತ್ತು ಮಾರು ಹಿಂದೆ. ಅಟ್ಟಿಸಿಕೊಂಡು ಬರುವುದಕ್ಕೆ ಕುದುರೆ ಹೆದರುತ್ತದೆ. ತನ್ನಿಂದ ದೂರ ಹೋಗುವುದನ್ನು ಕಂಡರೆ ಅದೇನು ಅಂತ ಕುತೂಹಲ. ಮೊದಲ ದಿನ ಮೂವತ್ತು ಮಾರಿನಲ್ಲೇ ಮುಗಿಸಿದೆವು. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ವಾರ ಕಳೆಯುವುದರಲ್ಲಿ ಕತ್ತು ಚಾಚಿ ಕೊಟ್ಟೆ ಮೂಸಿದಳು. ಅದರ ಎರಡನೇ ದಿನ ಹಲ್ಲಲ್ಲಿ ಕಚ್ಚಿ ಎಳೆದಳು. ಅಣ್ಣ ದೋಟಿ ಬಿಟ್ಟುಕೊಟ್ಟು, "ತಗೊಳ್ಳವ್ವಾ, ನಿಂದೇ" ಎಂದ.

ನನಗೆ ಧೈರ್ಯ ಜಾಸ್ತಿಯಾಯಿತು. ಸಂಕ್ರಾಂತಿ ಕಳೆದ ವಾರ, ಸಂಜೆ ಕತ್ತಲಾಗುವ ಹೊತ್ತು, ಹೊಸ ಜೀನಿನಲ್ಲಿ ಮೂರು ಕಿಲೋಮೀಟರ್ ಆಚೆಯಿಂದ ಮನೆಗೆ ಬರುತ್ತಿದ್ದೆ. ದಾರಿ ಬದಿಯ ಮನೆಯಲ್ಲಿ ಅಡಿಕೆ ಸುಲಿಯುವ ಮೆಷಿನ್ ಓಡುತ್ತಿತ್ತು. ಸಿಪ್ಪೆ ರಾಶಿಗೆ ನೀಲಿ ಟಾರ್ಪಾಲು ಹೊದಿಸಿದ್ದರು, ಅದರ ಮೂಲೆ ಗಾಳಿಗೆ ಏಳುತ್ತಿತ್ತು. ಕೆಂಪಿ ನಿಂತಳು. ಎರಡೂ ಕಿವಿ ಟಾರ್ಪಾಲಿನ ಕಡೆ. ಉಸಿರು ಬಿಗಿ ಹಿಡಿದಿದ್ದಳು, ಅದು ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ಆದರೂ ಹಿಮ್ಮಡಿಯಿಂದ ಒತ್ತಿದೆ. ಹೋಗಲಿಲ್ಲ. ಲಗಾಮಿನ ತುದಿಯಿಂದ ಒಂದು ಹೊಡೆದೆ. ಗಿರಕಿ ಹೊಡೆದಳು. ನಾನು ರಸ್ತೆ ಮೇಲಿದ್ದೆ. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು, ಎಡ ಮಣಿಕಟ್ಟು ಮುರಿಯಿತು. ಅವಳು ಲಗಾಮು ಎಳೆದುಕೊಂಡೇ ಮನೆ ಸೇರಿದಳು.

ಮಾರನೇ ದಿನ ಲಾಯಕ್ಕೆ ಹೋದರೆ ಮತ್ತೆ ಮೂಲೆ, ಮತ್ತೆ ಹಿಂಗಾಲು. ಮೂರು ತಿಂಗಳ ಕೆಲಸ ಒಂದು ಏಟಿಗೆ ಹೋಯಿತು. ಆ ಏಟು ನನ್ನದು. ಅವಳು ಹೆದರಿಕೆ ಆಗುತ್ತಿದೆ ಅಂತ ತನಗೆ ಗೊತ್ತಿರುವ ರೀತಿಯಲ್ಲೆಲ್ಲಾ ಹೇಳಿದ್ದಳು. ಕೇಳಿಯೂ ಕೇಳದ ಹಾಗೆ ಮಾಡಿದ್ದೆ.

ಆರು ವಾರ ಕೈಗೆ ಪ್ಲಾಸ್ಟರ್. ಹತ್ತುವ ಹಾಗಿರಲಿಲ್ಲ, ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದೊಂದೇ ದಾರಿ. ಈಗ ನೋಡಿದರೆ ನಮ್ಮಿಬ್ಬರ ನಡುವೆ ನಿಜವಾಗಿ ಏನಾದರೂ ಕಟ್ಟಿದ್ದು ಆ ಆರು ವಾರದಲ್ಲೇ. ಪಕ್ಕದಲ್ಲಿದ್ದಾಗ ಅವಳ ಮುಖ ಕಾಣುತ್ತದೆ. ಭಯ ಕಾಲಿಗೆ ಬರುವ ಎಷ್ಟೋ ಮೊದಲೇ ಬಾಯಲ್ಲಿ ಶುರುವಾಗುತ್ತದೆ. ಮೊದಲು ಮೆಲ್ಲುವುದು ನಿಲ್ಲುತ್ತದೆ. ಆಮೇಲೆ ಒಂದು ಕಿವಿ, ಹಿಂದೆಯೇ ಇನ್ನೊಂದು ಕಿವಿ ಒಂದೇ ಕಡೆ ನೆಡುತ್ತವೆ. ಮೂಗಿನ ಹೊಳ್ಳೆ ಮೇಲೆ ಸಣ್ಣ ನಿರಿಗೆ. ಕತ್ತು ಏರುತ್ತದೆ, ಉಸಿರು ನಿಲ್ಲುತ್ತದೆ. ಕೊನೆಗೆ ಕಾಲು. ಮೆಲ್ಲುವುದು ನಿಂತೊಡನೆ ನಾನೂ ನಿಲ್ಲುವುದು ಅಂತ ಮಾಡಿಕೊಂಡೆ. ಎಳೆಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಅವಳು ನೋಡುವುದನ್ನೇ ನಾನೂ ನೋಡುತ್ತಾ ನಿಲ್ಲುವುದು. ಉಸಿರು ಬಿಟ್ಟು, ತಲೆ ತಗ್ಗಿಸಿ, ನಾಲಿಗೆ ಹೊರಳಿಸಿದ ಮೇಲೆ ಮುಂದಕ್ಕೆ.

ಅದೇ ಟಾರ್ಪಾಲಿನ ಎದುರು ಮೊದಲ ದಿನ ನಿಂತದ್ದು 11 ನಿಮಿಷ. ದಾರಿಯಲ್ಲಿ ಹೋಗುವವರು "ಎಂತ ಆಯ್ತು?" ಅಂತ ಕೇಳುತ್ತಿದ್ದರು. ಏನೂ ಆಗಿಲ್ಲ, ನೋಡ್ತಾ ಇದ್ದೀವಿ ಎನ್ನುತ್ತಿದ್ದೆ. ಫೆಬ್ರವರಿ ಕೊನೆಗೆ ಅದು ಅರ್ಧ ನಿಮಿಷಕ್ಕೆ ಇಳಿಯಿತು. ಇನ್ನೂ ಒಂದು ಬದಲಾವಣೆ ಆಗಿತ್ತು. ಹೆದರಿದಾಗ ಎರಡೂ ಕಿವಿ ಆ ವಸ್ತುವಿನ ಕಡೆಗೇ ಇರುತ್ತಿದ್ದದ್ದು ಹೋಗಿ, ಈಗ ಒಂದು ಕಿವಿ ಅದರ ಕಡೆ, ಇನ್ನೊಂದು ನನ್ನ ಕಡೆ ತಿರುಗುತ್ತಿತ್ತು.

ಜೂನ್ ಬಂತು. ನಮ್ಮ ಮಳೆ ನಿಮಗೆ ಗೊತ್ತಲ್ಲ, ಆಗುಂಬೆ ಇರುವ ತಾಲ್ಲೂಕು ನಮ್ಮದು. ರೈನ್‌ಕೋಟ್ ಹಾಕಿಕೊಂಡು ಲಾಯಕ್ಕೆ ಹೋದರೆ ಅದರ ಸರಸರ ಸದ್ದಿಗೆ ಕೆಂಪಿ ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಅಮ್ಮ ಅಜ್ಜನ ಕಾಲದ ಕಂಬಳಿ ಕೊಪ್ಪೆ ತೆಗೆದುಕೊಟ್ಟಳು. ಕಂಬಳಿಗೆ ಸದ್ದಿಲ್ಲ. ಆ ಮಳೆಗಾಲವಿಡೀ ಕೊಪ್ಪೆ ಹಾಕಿಯೇ ಅವಳ ಜೊತೆ ಓಡಾಡಿದೆ.

ಇಂಬಳದ, ಅಂದರೆ ಜಿಗಣೆಯ, ಕಾಟ ಶುರುವಾಯಿತು. ಕೆಂಪಿ ಅದುವರೆಗೆ ಹಿಂಗಾಲು ಮುಟ್ಟಲು ಬಿಟ್ಟಿರಲಿಲ್ಲ. ಮುಟ್ಟಿದರೆ ಒದೆ. ಲಾಳ ಕಟ್ಟುವಾಗ ಸಾಬ್ರಿಗೂ ಮುಂಗಾಲು ಮಾತ್ರ ಕೊಟ್ಟಿದ್ದಳು. ಈಗ ದಿನಾ ಸಂಜೆ ಗೊರಸಿನ ಮೇಲಿನ ಕೂದಲೊಳಗೆ ಹತ್ತು ಹದಿನೈದು ಇಂಬಳ. ಬಿಡುವ ಹಾಗಿಲ್ಲ, ರಕ್ತ ಇಳಿದ ಜಾಗಕ್ಕೆ ನೊಣ ಕೂರುತ್ತದೆ, ಹುಣ್ಣಾಗುತ್ತದೆ. ಬಟ್ಟಲಲ್ಲಿ ಉಪ್ಪು ನೀರು, ಒಂದು ಹಳೇ ಬಟ್ಟೆ. ಹೆಗಲಿಂದ ಶುರುಮಾಡಿ, ಕೈಯನ್ನು ಮೈಯಿಂದ ತೆಗೆಯದೆ, ಬೆನ್ನು, ತೊಡೆ ದಾಟಿ ಕೆಳಗೆ ತರುವುದು. ಎಲ್ಲಿ ಚರ್ಮ ಬಿಗಿಯಾಗುತ್ತದೋ ಅಲ್ಲಿ ಕೈ ನಿಲ್ಲಿಸುವುದು. ಸಡಿಲವಾದ ಮೇಲೆ ನಾನಾಗಿ ಕೈ ತೆಗೆಯುವುದು. ಬಿಗಿ ಇರುವಾಗಲೇ ತೆಗೆದರೆ, "ಬಿಗಿದುಕೊಂಡರೆ ಕೈ ಹೋಗುತ್ತದೆ" ಅಂತ ಕಲಿಯುತ್ತಾಳೆ. ಮೊದಲ ವಾರ ಮೊಣಕಾಲವರೆಗೂ ಇಳಿಯಲು ಆಗಲಿಲ್ಲ. ನಾಲ್ಕನೇ ವಾರ ಬಟ್ಟೆ ಇಂಬಳಕ್ಕೆ ತಾಗಿತು, ಉಪ್ಪಿಗೆ ಅದು ಕಳಚಿ ಕೆಳಗೆ ಬಿತ್ತು. ಕೆಂಪಿ ತಲೆ ತಿರುಗಿಸಿ ಕಾಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ಶ್ರಾವಣ ಬರುವ ಹೊತ್ತಿಗೆ ಬಟ್ಟಲು ಹಿಡಿದು ಒಳಗೆ ಬಂದರೆ ಸಾಕು, ತಾನೇ ಹಿಂಗಾಲು ಸಡಿಲ ಬಿಟ್ಟು ನಿಲ್ಲುತ್ತಿದ್ದಳು. ಸೆಪ್ಟೆಂಬರಿನಲ್ಲಿ ಸಾಬ್ರು ಬಂದು ನಾಲ್ಕೂ ಕಾಲಿಗೆ ಲಾಳ ಕಟ್ಟಿದರು. ಹೇಗೆ ಮಾಡಿದೆ ಅಂತ ಕೇಳಿದರು. ಇಂಬಳ ಎಂದೆ. ಬಹಳ ಹೊತ್ತು ಅವಳ ಕತ್ತು ತಟ್ಟಿದರು.

ಮಳೆ ಬಿಟ್ಟ ಮೇಲೆ ದೂರ ಹೆಚ್ಚಿಸಿದ್ದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಸವಾರಿ ವಾರಕ್ಕೆ ನಾಲ್ಕು ದಿನ ಮಾತ್ರ. ಗದ್ದೆ ಬದಿ, ಗೋಮಾಳ, ಕೆರೆ ಏರಿ, ಊರ ರಸ್ತೆ. ಮೊದಲು ಬರೀ ನಡಿಗೆ, ಆಮೇಲೆ ನಿಧಾನ ಟ್ರಾಟ್, ಅಂದರೆ ಸಣ್ಣ ಓಟ. ಏರಿನಲ್ಲಿ ಇಳಿದು ಪಕ್ಕದಲ್ಲಿ ನಾನೂ ನಡೆದೆ. ಎದೆ, ಶ್ವಾಸಕೋಶ ಬೇಗ ಹದಕ್ಕೆ ಬರುತ್ತವೆ, ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ಬಹಳ ಕಾಲ ಬೇಕು. ಅವಸರ ಮಾಡಿದವರ ಕುದುರೆ ಕುಂಟುವುದು ಅದಕ್ಕೇ.

ನೀರಿನದು ಮಾತ್ರ ಬೇರೆಯೇ ಕಷ್ಟ. ಮನೆಯ ಬಕೆಟ್ ಬಿಟ್ಟು ಬೇರೆ ಕಡೆ ಬಾಯಿಯೇ ಹಾಕುತ್ತಿರಲಿಲ್ಲ. ಹೆದರಿದ ಪ್ರಾಣಿ ತಲೆ ತಗ್ಗಿಸಿ ಕುಡಿಯುವುದಿಲ್ಲ. ಆದರೆ ಕುದುರೆಯ ಬೆವರಲ್ಲಿ ಉಪ್ಪಿನಂಶ ನಮ್ಮ ಬೆವರಿಗಿಂತ ಬಹಳ ಜಾಸ್ತಿ. ದೂರ ಹೋದಾಗ ಕುಡಿಯದಿದ್ದರೆ ಪ್ರಾಣಕ್ಕೇ ಅಪಾಯ. ದಾರಿ ಅಡುಗೆಮನೆಯಲ್ಲೇ ಸಿಕ್ಕಿತು. ಅಮ್ಮ ಅವಳಿಗೆ ಹುರುಳಿ ಬೇಯಿಸಿದಾಗ ಕಟ್ಟು ಬಸಿದು ಇಡುತ್ತಿದ್ದಳು. ಹೊರಗಿನ ನೀರಿಗೆ ಒಂದು ಲೋಟ ಹುರುಳಿ ಕಟ್ಟು ಬೆರೆಸಿದರೆ ಮನೆಯ ವಾಸನೆ. ಕುಡಿದಳು. ಆಮೇಲೆ ಕಟ್ಟು ಕಡಿಮೆ ಮಾಡುತ್ತಾ ಬಂದು ಡಿಸೆಂಬರ್ ಹೊತ್ತಿಗೆ ಹಳ್ಳದ ನೀರನ್ನೂ ಕುಡಿಯತೊಡಗಿದಳು.

ಡಾಕ್ಟರ ತಪಾಸಣೆಯ ಅಭ್ಯಾಸಕ್ಕೆ ಊರೇ ಸಹಾಯ ಮಾಡಿತು. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದಾ, ಕತ್ತಿನ ಚರ್ಮ ಚಿವುಟಿದರೆ ತಕ್ಷಣ ಕೂರುತ್ತದಾ, ಹೊಟ್ಟೆಯಲ್ಲಿ ಕರುಳಿನ ಸದ್ದು ಇದೆಯಾ, ಹಗ್ಗ ಹಿಡಿದು ಓಡಿಸಿದರೆ ಕುಂಟು ಇದೆಯಾ ಅಂತ ನೋಡುತ್ತಾರೆ. ಮನೆಗೆ ಬಂದವರಿಗೆಲ್ಲಾ, ಪೋಸ್ಟಿನವರಿಂದ ಹಿಡಿದು ಕೊನೆ ತೆಗೆಯುವ ಅಣ್ಣನವರೆಗೆ, ಸ್ಟೆತಾಸ್ಕೋಪ್ ಕೊಟ್ಟು ಎಣಿಸಿ ಎಂದೆ. ಭುಜದ ಕಡೆಯಿಂದ ಬನ್ನಿ, ಹೆಗಲು ತುರಿಸಿ, ಆಮೇಲೆ ಎದೆಗೆ ಹಚ್ಚಿ. ಲೆಕ್ಕದ ಪುಸ್ತಕದಲ್ಲಿ 88 ಇದ್ದದ್ದು 70 ಆಯಿತು, 52 ಆಯಿತು.

ಜನವರಿಯಲ್ಲಿ ನಮ್ಮದೇ 40 ಕಿಲೋಮೀಟರ್ ಇಟ್ಟುಕೊಂಡೆವು. ಸ್ಪರ್ಧೆಗೆ ಹೋಗುವ ಮೊದಲು ಇಲ್ಲೇ ನೋಡಿಬಿಡೋಣ ಅಂತ. 20ರ ಎರಡು ಸುತ್ತು, ನಡುವೆ 40 ನಿಮಿಷ ವಿಶ್ರಾಂತಿ. ಪರಿಚಯದ ಪಶುವೈದ್ಯರೊಬ್ಬರು ಬೆಳಿಗ್ಗೆಯೇ ಬಂದರು. ಕೆಂಪಿ ಅವರನ್ನು ನೋಡಿರಲಿಲ್ಲ. ಮಂಜು ಎಷ್ಟಿತ್ತೆಂದರೆ ಅಂಗಳದಿಂದ ಕೊಟ್ಟಿಗೆ ಕಾಣುತ್ತಿರಲಿಲ್ಲ. ಏಳು ಗಂಟೆಗೆ ಹೊರಟು ಮೊದಲ ಸುತ್ತಿಗೆ ಎರಡು ಗಂಟೆ ಹತ್ತು ನಿಮಿಷ. ಬಂದು ನಿಂತಾಗ 78. ಜೀನು ಬಿಚ್ಚಿ, ಕತ್ತಿಗೆ, ಕಾಲಿಗೆ ನೀರು ಹಾಕಿದೆ. ಒಂಬತ್ತನೇ ನಿಮಿಷಕ್ಕೆ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು 60 ಎಂದರು. ಒಂದು ಬಕೆಟ್ ನೀರು ಪೂರ್ತಿ ಕುಡಿದಳು.

ಎರಡನೇ ಸುತ್ತಿನ ಕೊನೆಯಲ್ಲಿ ನಮ್ಮ ತೋಟದ ದಾರಿ. ಬಿಸಿಲು ಏರಿತ್ತು, ಇಬ್ಬರಿಗೂ ಸುಸ್ತು. ನೆರಳಿನ ಅಂಚಿನಲ್ಲಿ ನಿಂತು, ಕಣ್ಣು ಹೊಂದಲಿ ಅಂತ ಕಾದು ಒಳಗೆ ಹೋದೆವು. ಹತ್ತು ಹೆಜ್ಜೆ ಇಟ್ಟಿರಬೇಕು, ಬಲಗಡೆ, ಎರಡೇ ಮಾರು ದೂರದಲ್ಲಿ ಧೊಪ್ ಅಂತ ಸೋಗೆ ಬಿತ್ತು. ಅವಳ ಮೈ ಒಮ್ಮೆ ಕುಗ್ಗಿತು. ನಿಂತಳು. ಬಲ ಕಿವಿ ಸೋಗೆಯ ಕಡೆ, ಎಡ ಕಿವಿ ಹಿಂದಕ್ಕೆ, ನನ್ನ ಕಡೆ. ನಾನೂ ಸೋಗೆ ನೋಡಿದೆ. ಉದ್ದಕ್ಕೆ ಉಸಿರು ಬಿಟ್ಟಳು. ನಾನು ಹೇಳುವ ಮೊದಲೇ ನಡೆದಳು.

ಅಂಗಳದಲ್ಲಿ ನಿಂತಾಗ 84. ಹನ್ನೊಂದನೇ ನಿಮಿಷಕ್ಕೆ ಡಾಕ್ಟರ ಲೆಕ್ಕದಲ್ಲಿ 58. ಓಡಿಸಿ ನೋಡಿದರು, ಕುಂಟಿರಲಿಲ್ಲ. ಅಮ್ಮ ಬೆಂದ ಹುರುಳಿಯ ಪಾತ್ರೆ ತಂದಿಟ್ಟಳು. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಲಾಯಕ್ಕೆ ಹೋದೆ. ಕಾಲು ಸವರಿದೆ, ಎಲ್ಲೂ ಬಿಸಿಯಿಲ್ಲ, ಬಾವಿಲ್ಲ. ಸ್ಟೆತಾಸ್ಕೋಪ್ ಇಟ್ಟೆ. ಅವಳು ಹುಲ್ಲು ಮೆಲ್ಲುವುದನ್ನು ನಿಲ್ಲಿಸಲಿಲ್ಲ. ಪುಸ್ತಕದಲ್ಲಿ 36 ಅಂತ ಬರೆದೆ.